ಪಾಸ್‌ವರ್ಡ್ ಕಿಟಕಿ ರಿಪೇರಿ: ಮೂರನೇ ವಾರ

ಶಿರಸಿ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ. ಅಪ್ಪ ಅದರಲ್ಲಿ ಅಡಿಕೆ ಲೆಕ್ಕ ಬರೆಯುತ್ತಾರೆ. ಚಾಲಿ ಎಷ್ಟು, ರಾಶಿ ಎಷ್ಟು, ಕೊಯ್ಲಿನ ಕೂಲಿ ಎಷ್ಟು ಅಂತ. ಮಳೆಗಾಲದಲ್ಲಿ ಕರೆಂಟ್ ಹೋಗಿ ಕಡತ ಕೆಟ್ಟರೆ ಹಿಂದಿನ ದಿನದ ಪ್ರತಿ ವಾಪಸ್ ಹಾಕಲು ಒಂದು ಸಣ್ಣ ಸ್ಕ್ರಿಪ್ಟ್ (ಸಾಲಾಗಿ ಓಡುವ ಆಜ್ಞೆಗಳ ಕಡತ) ಬರೆದಿದ್ದೆ. ಪ್ರತಿಗಳು ಅಪ್ಪಿತಪ್ಪಿ ಅಳಿಯಬಾರದು ಅಂತ ರೂಟ್ ಒಡೆತನದ ಫೋಲ್ಡರಿನಲ್ಲಿಟ್ಟೆ. ರೂಟ್ ಅಂದರೆ ಲಿನಕ್ಸಿನಲ್ಲಿ ಎಲ್ಲ ಹಕ್ಕೂ ಇರುವ ಖಾತೆ. ತಾಪತ್ರಯ ಶುರುವಾಗಿದ್ದು ಅಲ್ಲಿಂದ.

ಆ ಫೋಲ್ಡರ್ ಮುಟ್ಟಲು ರೂಟ್ ಹಕ್ಕು ಬೇಕು. ಅದಕ್ಕೆ ಸ್ಕ್ರಿಪ್ಟನ್ನು ಪಿಕೆಎಕ್ಸೆಕ್ (ಪಾಸ್‌ವರ್ಡ್ ಕೇಳಿ ಆ ಹಕ್ಕು ಕೊಡುವ ಆಜ್ಞೆ) ಮೂಲಕ ಓಡಿಸಿದರೆ ಇಂಗ್ಲಿಷಿನಲ್ಲಿ ಒಂದು ಕಿಟಕಿ ಬರುತ್ತದೆ. ಇಂಥ ಕಡತವನ್ನು ಸೂಪರ್ ಯೂಸರ್ (ಅಂದರೆ ರೂಟ್) ಆಗಿ ಓಡಿಸಲು ದೃಢೀಕರಣ ಬೇಕು ಅನ್ನುತ್ತದೆ, ಅಷ್ಟೇ. ಅಪ್ಪ ಕೇಳಿದ್ದು ಒಂದೇ ಮಾತು: "ತಮಾ, ಇದು ಯಾವ ಪಾಸ್‌ವರ್ಡ್ ಕೇಳ್ತಾ ಇದ್ದು?" ನಾನು ಉತ್ತರ ಹೇಳುವಷ್ಟರಲ್ಲಿ ಎಟಿಎಂ ಪಿನ್ನಿನ ನಾಲ್ಕು ಅಂಕಿ ಒತ್ತಿ ಆಗಿತ್ತು! ತಪ್ಪು ಅವರದ್ದಲ್ಲ. ಯಾರ ಪಾಸ್‌ವರ್ಡ್, ಯಾವ ಕೆಲಸಕ್ಕೆ ಅಂತ ಕಿಟಕಿ ಹೇಳಿಯೇ ಇಲ್ಲ.

ಮೊದಲು ಮಾಡಿದ್ದು ಪೋಲ್‌ಕಿಟ್‌ನ ಪಾಲಿಸಿ ಕಡತ. ಯಾವ ಕೆಲಸಕ್ಕೆ ಯಾರ ಅನುಮತಿ ಬೇಕು ಅಂತ ಲಿನಕ್ಸಿನಲ್ಲಿ ನಿರ್ಧರಿಸುವುದು ಈ ಪೋಲ್‌ಕಿಟ್, ಆ ನಿಯಮ ಬರೆಯುವುದು ಪಾಲಿಸಿ ಕಡತದಲ್ಲಿ. ಅದು ಎಕ್ಸ್‌ಎಂಎಲ್, ಅಂದರೆ ಪ್ರತಿ ಭಾಗಕ್ಕೂ ಗುರುತು ಹಚ್ಚಿ ಬರೆಯುವ ಪಠ್ಯ. ಅದರಲ್ಲಿ ಸ್ಕ್ರಿಪ್ಟಿನ ಪೂರ್ತಿ ದಾರಿ ಕೊಟ್ಟು, ಸಂದೇಶವನ್ನು ನಮ್ಮ ಭಾಷೆಯಲ್ಲೇ ಬರೆಯಬಹುದು. ಮೊದಲ ಸಲ "ಕಡತ ಮರುಸ್ಥಾಪನೆಗೆ ದೃಢೀಕರಣ ಅಗತ್ಯವಿದೆ" ಅಂತ ಬರೆದೆ. ಓದಿದರೆ ತಾಲೂಕು ಕಚೇರಿ ನೋಟಿಸಿನ ಹಾಗೆ ಇತ್ತು. ಈಗ ಇರುವುದು: "ಅಡಿಕೆ ಲೆಕ್ಕದ ನಿನ್ನೆಯ ಪ್ರತಿ ವಾಪಸ್ ಹಾಕಬೇಕು. ಲ್ಯಾಪ್‌ಟಾಪ್ ತೆರೆಯುವಾಗ ಹಾಕುವ ಪಾಸ್‌ವರ್ಡನ್ನೇ ಹಾಕಿ." ಬರೆದರೂ ಕನ್ನಡ ಕಾಣಲೇ ಇಲ್ಲ. ಒಂದು ಸಂಜೆ ಪೂರ್ತಿ ಎಕ್ಸ್‌ಎಂಎಲ್ ತಡಕಾಡಿದೆ. ಆಮೇಲೆ ನೋಡಿದರೆ ಅಪ್ಪನ ಖಾತೆಯ ಭಾಷೆಯೇ ಇಂಗ್ಲಿಷ್ ಆಗಿತ್ತು.

ಇನ್ನೊಂದು ಎಡವಟ್ಟು ಮಾತಿನದ್ದಲ್ಲ, ಹಕ್ಕಿನದ್ದು. ಪಾಲಿಸಿ ಕಡತದಲ್ಲಿ ಮೊದಲು ಆಥ್ ಅಡ್ಮಿನ್ (ಅಡ್ಮಿನ್ ಖಾತೆಯವರೇ ಒಪ್ಪಬೇಕು) ಅಂತ ಹಾಕಿದ್ದೆ. ಅಡ್ಮಿನ್ ನಾನೇ, ಅಂದರೆ ಅದು ಕೇಳುತ್ತಿದ್ದದ್ದು ನನ್ನ ಪಾಸ್‌ವರ್ಡ್. ಅಪ್ಪ ಪಿನ್ ಬಿಟ್ಟು ತಮ್ಮ ಸರಿಯಾದ ಪಾಸ್‌ವರ್ಡ್ ಹಾಕಿದ್ದರೂ ಕೆಲಸ ಆಗುತ್ತಿರಲಿಲ್ಲ! ಅದನ್ನು ಆಥ್ ಸೆಲ್ಫ್ (ಬಳಸುವವರೇ ಒಪ್ಪಿದರೆ ಸಾಕು) ಮಾಡಿದೆ. ಈಗ ಅವರದ್ದೇ ಸಾಕು. ಹಾಗೆ ಸಡಿಲ ಬಿಟ್ಟಮೇಲೆ ಸ್ಕ್ರಿಪ್ಟನ್ನು ಬಿಗಿ ಮಾಡಲೇಬೇಕಲ್ವಾ? ಹೊರಗಿನಿಂದ ಯಾವ ಕಡತದ ಹೆಸರನ್ನೂ ಅದು ತಗೊಳ್ಳುವುದಿಲ್ಲ. ಗೊತ್ತಿರುವುದು ಒಂದೇ ಕೆಲಸ.

ದಿನದ ಪ್ರತಿ ತೆಗೆಯಲೂ ಮೊದಲು ಪಾಸ್‌ವರ್ಡ್ ಕೇಳುತ್ತಿತ್ತು. ಸುಮ್ನೆ. ಆ ಕೆಲಸವನ್ನು ಸಿಸ್ಟಮ್‌ಡಿ ಟೈಮರಿಗೆ (ಹೊತ್ತಿಗೆ ಸರಿಯಾಗಿ ಕೆಲಸ ತಾನೇ ಓಡಿಸುವ ಲಿನಕ್ಸ್ ವ್ಯವಸ್ಥೆ) ಕೊಟ್ಟೆ, ಆ ಕಿಟಕಿಯೇ ಮಾಯ. ಜಾಸ್ತಿ ಸಲ ಕೇಳಿದರೆ ಜನ ಓದದೇ ಒತ್ತುತ್ತಾರೆ.

ಗುಂಡಿಯ ಮೇಲಿನ ಮಾತು ಮಾತ್ರ ನನ್ನ ಕೈಯಲ್ಲಿಲ್ಲ. ಅದು ಡೆಸ್ಕ್‌ಟಾಪಿನದ್ದು, ಪಾಲಿಸಿ ಕಡತದಿಂದ ಬದಲಾಗುವುದಿಲ್ಲ.

ನಿನ್ನೆ ಒಂದು ಪರೀಕ್ಷೆ ಮಾಡಿದೆ. ಅಪ್ಪ ಲೆಕ್ಕ ಬರೆಯುತ್ತಿದ್ದಾಗ ಹೇಳದೇ ಕೇಳದೇ ಅದೇ ಕಿಟಕಿ ಬರುವ ಹಾಗೆ ಮಾಡಿದೆ. ಕನ್ನಡಕ ಮೇಲೆತ್ತಿ ಓದಿದರು. ರದ್ದು ಒತ್ತಿದರು. "ಆನು ಎಂತೂ ಒತ್ತಿದ್ನಿಲ್ಲೆ. ಇದು ಈಗ ಎಂತಕ್ಕೆ ಬಂತು?"