ಡೋಸ್ ಇಳಿಸಿದ ಸಿಟಿ ಮತ್ತು ನುಣುಪು ಚಿತ್ರ

ಸಿಟಿ ಸ್ಕ್ಯಾನ್‌ನಲ್ಲಿ ಡೋಸ್ (ದೇಹಕ್ಕೆ ಹಾಯಿಸುವ ಎಕ್ಸ್‌ರೇ ಪ್ರಮಾಣ) ಅರ್ಧಕ್ಕೆ ಇಳಿಸಿದರೆ ಚಿತ್ರದ ನಾಯ್ಸ್, ಅಂದರೆ ಕಾಳುಕಾಳಾಗಿ ಕಾಣೋ ಕಲಬೆರಕೆ, ಸುಮಾರು ಶೇ. 40ರಷ್ಟು ಏರುತ್ತೆ, ಕಾಲು ಭಾಗಕ್ಕೆ ಇಳಿಸಿದರೆ ಎರಡರಷ್ಟು. ಶ್ವಾಸಕೋಶದಲ್ಲಿ ಇದನ್ನು ಸಹಿಸಬಹುದು, ಗಾಳಿಯ ನಡುವೆ ಗಂಟು ಎದ್ದು ಕಾಣುತ್ತೆ. ಕಷ್ಟ ಇರೋದು ಲಿವರ್‌ನಲ್ಲಿ. ಅಲ್ಲಿ ಗಡ್ಡೆಗೂ ಸುತ್ತಲಿನ ಅಂಗಾಂಶಕ್ಕೂ ಕೆಲವೊಮ್ಮೆ 10–20 ಹೌನ್ಸ್‌ಫೀಲ್ಡ್ ಯೂನಿಟ್ (ಸಿಟಿ ಚಿತ್ರದಲ್ಲಿ ಅಂಗಾಂಶ ಎಕ್ಸ್‌ರೇಯನ್ನು ಎಷ್ಟು ತಡೆಯುತ್ತೆ ಅನ್ನೋದರ ಅಳತೆ) ಅಷ್ಟೇ ವ್ಯತ್ಯಾಸ. ನಾಯ್ಸ್ ಕೂಡ ಅಷ್ಟೇ ಇದ್ದರೆ ಸಣ್ಣ ಗಡ್ಡೆ ಕಣ್ಣಿಗೇ ಬೀಳಲ್ಲ.

ನಾಯ್ಸ್ ತಗ್ಗಿಸೋ ಸಾಫ್ಟ್‌ವೇರ್‌ಗಿಂತ ಮೊದಲು ರೋಗಿ ಮಲಗೋ ಟೇಬಲ್ ಎತ್ತರ ನೋಡಿ. ರೋಗಿ ಗ್ಯಾಂಟ್ರಿಯ (ಯಂತ್ರದ ದುಂಡನೆಯ ಚೌಕಟ್ಟಿನ) ಮಧ್ಯಕ್ಕಿಂತ ಮೂರ್ನಾಲ್ಕು ಸೆಂ.ಮೀ. ಕೆಳಗಾದರೂ ಎಕ್ಸ್‌ರೇ ಟ್ಯೂಬಿನ ಮುಂದಿರೋ, ನಡುವೆ ತೆಳು ಅಂಚಿನಲ್ಲಿ ದಪ್ಪ ಇರೋ ಬೋ-ಟೈ ಫಿಲ್ಟರಿನ ದಪ್ಪ ಭಾಗ ಅಡ್ಡ ಬಂದು ನಾಯ್ಸ್ ಹೆಚ್ಚುತ್ತೆ. ಎದೆ, ಹೊಟ್ಟೆಯ ಸ್ಕ್ಯಾನ್‌ಗೆ ಕೈಗಳು ತಲೆಯ ಮೇಲಿರಲಿ, ಇಲ್ಲದಿದ್ದರೆ ಅಡ್ಡಗೆರೆ ಬರುತ್ತೆ. ಚಿತ್ರದ ಪ್ರತಿ ಪದರದ (ಸ್ಲೈಸ್) ದಪ್ಪ 1 ಮಿ.ಮೀ. ಬದಲು 4 ಮಿ.ಮೀ. ಇಟ್ಟರೆ ನಾಯ್ಸ್ ಹೆಚ್ಚುಕಡಿಮೆ ಅರ್ಧ, ಆದರೆ ಸಣ್ಣ ಗಂಟು ಮಸುಕು.

ಇನ್ನು ಡೀಪ್ ಲರ್ನಿಂಗ್, ಅಂದರೆ ಉದಾಹರಣೆ ತೋರಿಸಿ ನಾಯ್ಸ್ ತೆಗೆಯೋದನ್ನು ಕಂಪ್ಯೂಟರ್ ನೆಟ್‌ವರ್ಕ್‌ಗೆ ಕಲಿಸೋದು. ಕಲಿಸೋಕೆ ಒಂದೇ ದೇಹದ ಎರಡು ಡೋಸಿನ ಚಿತ್ರ ಬೇಕು, ಅದಕ್ಕೋಸ್ಕರ ರೋಗಿಗೆ ಎರಡು ಸಲ ಎಕ್ಸ್‌ರೇ ಹಾಯಿಸೋದು ಸರಿಯಲ್ಲ. ಹಾಗಾಗಿ ಪೂರ್ತಿ ಡೋಸಿನ ಪ್ರೊಜೆಕ್ಷನ್ ಡೇಟಾಗೆ (ಚಿತ್ರ ಕಟ್ಟೋಕೆ ಮೊದಲಿನ ಕಚ್ಚಾ ಅಳತೆಗಳಿಗೆ) ಲೆಕ್ಕ ಹಾಕಿ ನಾಯ್ಸ್ ಸೇರಿಸ್ತಾರೆ; 2016ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಡೇಟಾದಿಂದ ನಡೆದ ಕಡಿಮೆ ಡೋಸ್ ಸಿಟಿ ಸ್ಪರ್ಧೆಯ ಕಾಲು ಡೋಸಿನ ಡೇಟಾ ತಯಾರಾಗಿದ್ದು ಹೀಗೇ. ನೆಟ್‌ವರ್ಕ್‌ಗೆ ಪಿಕ್ಸೆಲ್ ವ್ಯತ್ಯಾಸ ತಗ್ಗಿಸೋದೊಂದೇ ಗುರಿ ಕೊಟ್ಟರೆ ಚಿತ್ರ ಮೇಣ ಸವರಿದ ಹಾಗಾಗಿ ಸಣ್ಣ ರಕ್ತನಾಳಗಳು ಅಳಿಸಿಹೋಗುತ್ತವೆ. ನುಣುಪಾದ ಚಿತ್ರವನ್ನು ಕಣ್ಣು ಬೇಗ ನಂಬಿಬಿಡುತ್ತೆ, ಭಯ ಆಗೋದು ಅದಕ್ಕೇ.

ಶುದ್ಧ ಮಾಡಿದ ಚಿತ್ರವನ್ನು ಮೂಲದಿಂದ ಕಳೆದು ನೋಡಿ. ಉಳಿದದ್ದರಲ್ಲಿ ಬರೀ ಕಾಳುಕಾಳು ಕಂಡರೆ ಸರಿ. ನಾಳದ ಅಂಚೋ ಲಿವರ್‌ನ ಗಡಿಯೋ ಕಂಡರೆ ನಾಯ್ಸ್ ತೆಗೆಯೋ ಸಾಫ್ಟ್‌ವೇರ್‌ನ ತೀವ್ರತೆ ತಗ್ಗಿಸಿ, ರಿಪೋರ್ಟ್ ಬರೆಯುವಾಗ ಮೂಲ ಚಿತ್ರಗಳನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ.