ಬೆಂಟೊನೈಟ್ ಎಷ್ಟು ನೀಲಿ ಹಿಡಿಯುತ್ತೆ: ಮೂರನೇ ವಾರ

ಕೊನೆಗೂ ಉಂಗುರ ಬಂತು! ಅರ್ಧ ಗ್ರಾಂ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ಪುಡಿಯನ್ನು ನೀರಲ್ಲಿ ಕದಡಿ ರಾತ್ರಿಯಿಡೀ ನೆನೆಯಲು ಬಿಟ್ಟಿದ್ದೆ. ಅದಕ್ಕೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣವನ್ನು ಒಂದೊಂದೇ ಮಿಲಿಲೀಟರ್ ಹಾಕಿ, ಕಲಕಿ, ಗಾಜಿನ ಕಡ್ಡಿಯಿಂದ ಒಂದು ಹನಿ ತೆಗೆದು ಫಿಲ್ಟರ್ ಪೇಪರ್ ಮೇಲೆ ಇಡಬೇಕು, ಅಷ್ಟೇ ಕೆಲಸ. ಮೊದಮೊದಲು ನಡುವೆ ಕಡುನೀಲಿ ಚುಕ್ಕೆ, ಸುತ್ತ ಬರೀ ಒದ್ದೆ. ಅಂದರೆ ಬಣ್ಣವನ್ನೆಲ್ಲ ಮಣ್ಣೇ ಹಿಡಿದುಕೊಂಡಿದೆ. 44 ಮಿಲಿಲೀಟರ್ ಆದಾಗ ಚುಕ್ಕೆಯ ಅಂಚಿನಲ್ಲಿ ತಿಳಿನೀಲಿ ಕಂಡಿತು, ಖುಷಿಯಿಂದ ಎರಡು ನಿಮಿಷ ಕಲಕಿ ಮತ್ತೆ ಹನಿ ಇಟ್ಟರೆ ಅದು ಮಾಯ. ಮಣ್ಣು ಇನ್ನೂ ಹೀರುತ್ತಲೇ ಇತ್ತು. 46ಕ್ಕೆ ಬಂದ ಉಂಗುರ ಮಾತ್ರ ಉಳಿಯಿತು, ಅಂದರೆ ಮಣ್ಣಿಗೆ ಇನ್ನು ಬಣ್ಣ ಹಿಡಿಯಲು ಜಾಗವಿಲ್ಲ.

ಈಗ ಲೆಕ್ಕ. 100 ಗ್ರಾಂ ಮಣ್ಣಿಗೆ 92 ಮಿಲಿ ಈಕ್ವಿವಲೆಂಟ್ (ಮಣ್ಣು ಎಷ್ಟು ಚಾರ್ಜ್ ಹಿಡಿಯುತ್ತೆ ಎನ್ನುವ ಅಳತೆ) ಬಂತು. ಆದರೆ ನಾನು ಒಂದು ತಪ್ಪು ಮಾಡಿದ್ದೆ. ಬಣ್ಣದ ಪುಡಿಯ ಪ್ರತಿ ಅಣುವಿನ ಜೊತೆ ಮೂರು ನೀರಿನ ಅಣು ಇರುವುದನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಲೀಟರಿಗೆ 3.74 ಗ್ರಾಂ ಬೇಕಿದ್ದ ಕಡೆ 3.2 ಗ್ರಾಂ ಮಾತ್ರ ಹಾಕಿದ್ದೆ. ತಿದ್ದಿದ ಮೇಲೆ ಸುಮಾರು 79. ಬೆಂಟೊನೈಟಿನಲ್ಲಿ ಜಾಸ್ತಿ ಇರುವ ಖನಿಜ ಮಾಂಟ್‌ಮೊರಿಲೊನೈಟ್, ಅದಕ್ಕೆ ಸಾಮಾನ್ಯವಾಗಿ 80ರಿಂದ 120 ಹೇಳುತ್ತಾರೆ. ಪುಡಿಯಲ್ಲಿ ಬೇರೆ ಖನಿಜಗಳೂ ಬೆರೆತಿರುತ್ತವೆ, ಹಾಗಾಗಿ 79 ನಂಬಬಹುದು ಅನಿಸುತ್ತೆ.

ಕಯೋಲಿನ್ 2 ಗ್ರಾಂ ತಗೊಂಡರೂ 9 ಮಿಲಿಲೀಟರಿಗೇ ಮುಗಿಯಿತು, ಲೆಕ್ಕಕ್ಕೆ 4ರ ಹತ್ತಿರ. ಎರಡೂ ಜೇಡಿಮಣ್ಣೇ, ಆದರೂ ಎಷ್ಟು ಅಂತರ ಅಲ್ವಾ? ಮಾಂಟ್‌ಮೊರಿಲೊನೈಟಿನ ಪದರದಲ್ಲಿ ಅಲ್ಲಲ್ಲಿ ಅಲ್ಯೂಮಿನಿಯಂ ಜಾಗದಲ್ಲಿ ಮೆಗ್ನೀಸಿಯಂ ಕೂತಿರುತ್ತೆ. ಒಂದು ಪಾಸಿಟಿವ್ ಚಾರ್ಜ್ ಕಮ್ಮಿಯಾಗಿ ಪದರ ನೆಗೆಟಿವ್ ಆಗುತ್ತೆ. ಆ ಕೊರತೆ ತುಂಬಲು ಸೋಡಿಯಂ, ಕ್ಯಾಲ್ಸಿಯಂ ಪದರಗಳ ನಡುವೆ ಸಡಿಲವಾಗಿ ಸೇರಿಕೊಂಡಿರುತ್ತವೆ, ಮೆಥಿಲೀನ್ ಬ್ಲೂನಂಥ ಬೇರೆ ಪಾಸಿಟಿವ್ ಅಯಾನು (ಚಾರ್ಜ್ ಇರುವ ಕಣ) ಬಂದರೆ ಜಾಗ ಬಿಟ್ಟುಕೊಡುತ್ತವೆ. ಕಯೋಲಿನ್‌ನಲ್ಲಿ ಇಂಥ ಅದಲುಬದಲು ಇಲ್ಲವೆನ್ನುವಷ್ಟು ಕಮ್ಮಿ, ಪದರಗಳೂ ಬಿಗಿಯಾಗಿ ಅಂಟಿಕೊಂಡಿವೆ, ಅಂಚುಗಳಲ್ಲಷ್ಟೇ ಒಂದಿಷ್ಟು ವಿನಿಮಯ. 1850ರಲ್ಲಿ ರಸಾಯನಶಾಸ್ತ್ರಜ್ಞ ಜೆ. ಥಾಮಸ್ ವೇ ಮಣ್ಣಿನ ಮೂಲಕ ಅಮೋನಿಯಂ ಲವಣದ ನೀರು ಹರಿಸಿದಾಗ ಕೆಳಗೆ ಕ್ಯಾಲ್ಸಿಯಂ ಲವಣ ಬಂದಿತ್ತು. ಅದೂ ಇದೇ ಕೊಡು-ಕೊಳ್ಳು. ಇದು ಸುಮ್ನೆ ಹೀರುವುದಲ್ಲ, ಚಾರ್ಜಿಗೆ ಚಾರ್ಜ್ ಸರಿಹೋಗಬೇಕು: ಒಂದು ಕ್ಯಾಲ್ಸಿಯಂ ಒಳಗೆ ಬಂದರೆ ಎರಡು ಸೋಡಿಯಂ ಹೊರಗೆ.

ಇವತ್ತು ಇನ್ನೊಂದು ಲೋಟದ ಸೋಡಿಯಂ ಬೆಂಟೊನೈಟಿಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದೆ. ಎರಡು ದಿನದಿಂದ ತಳಕ್ಕೆ ಇಳಿಯದೆ ಗಂಜಿಯಂತೆ ನಿಂತಿದ್ದ ಮಣ್ಣು ನೋಡನೋಡುತ್ತಲೇ ಚೂರುಚೂರಾಗಿ ಒಡೆದು ಇಳಿಯತೊಡಗಿತು, ಮೇಲೆ ತಿಳಿನೀರು. ಉಪ್ಪು ಹೋಗುವವರೆಗೆ ನಾಲ್ಕೈದು ಸಲ ತೊಳೆದು ಇದಕ್ಕೂ ನೀಲಿ ಹಾಕಬೇಕು. ಈ ಸಲ ದ್ರಾವಣಕ್ಕೆ 3.74 ಗ್ರಾಂ ತೂಗಿಟ್ಟಿದ್ದೇನೆ.