ಮುಷ್ಕರ ಇಲ್ಲದ ದಿನ ಯೂನಿಯನ್ ಆಫೀಸಿನಲ್ಲಿ ಏನು ಕೆಲಸ?

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಬಾಡಿಗೆ ಮನೆ ನೋಡಲು ಹೋದಾಗ ಓನರ್ ಎದುರಿಗೆ, ಎಲ್ಲ ಕಡೆ ನನಗೆ ಬರುವ ಪ್ರಶ್ನೆ ಇದೇ. ಗಾರ್ಮೆಂಟ್ಸ್ ಕಾರ್ಮಿಕರ ಯೂನಿಯನ್ ಆಫೀಸಿನಲ್ಲಿ ಕೆಲಸ ಎಂದ ತಕ್ಷಣ ಒಂದು ಸಲ ಮೇಲಿಂದ ಕೆಳಗೆ ನೋಡುತ್ತಾರೆ. ಆಮೇಲೆ, "ದಿನಾ ಮುಷ್ಕರ ಇರಲ್ಲ ಅಲ್ವಾ? ಮಿಕ್ಕ ದಿನ ಏನ್ ಮಾಡ್ತೀರಾ?" ಎನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು: "ಸಂಬಳ ಯಾರು ಕೊಡ್ತಾರೆ?"

ಎರಡನೆಯದಕ್ಕೆ ಉತ್ತರ ಚಿಕ್ಕದು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಸದಸ್ಯರು ಕೊಡುತ್ತಾರೆ. ಟೈಲರ್, ಹೆಲ್ಪರ್, ಚೆಕರ್‌ಗಳು ಕೊಡುವ ಚಂದಾದಲ್ಲಿ ಆಫೀಸಿನ ಬಾಡಿಗೆ, ಕರೆಂಟ್ ಬಿಲ್ಲು, ಪೋಸ್ಟ್ ಖರ್ಚು, ನನ್ನ ಸಂಬಳ ಎಲ್ಲ ನಡೆಯಬೇಕು. ಇದರಲ್ಲಿ ಕದ್ದುಮುಚ್ಚಿ ಮಾಡುವುದು ಏನೂ ಇಲ್ಲ. ಯೂನಿಯನ್ ದುಡ್ಡನ್ನು ಯಾವುದಕ್ಕೆ ಖರ್ಚು ಮಾಡಬಹುದು ಎಂದು 1926ರ ಟ್ರೇಡ್ ಯೂನಿಯನ್ ಕಾಯ್ದೆಯ 15ನೇ ಸೆಕ್ಷನ್ ಪಟ್ಟಿಯನ್ನೇ ಕೊಟ್ಟಿತ್ತು. ಪದಾಧಿಕಾರಿಗಳ ಸಂಬಳ, ಆಫೀಸ್ ಖರ್ಚು, ಆಡಿಟ್, ಕೇಸು ನಡೆಸುವ ಖರ್ಚು ಎಲ್ಲ ಅದರಲ್ಲಿತ್ತು. ರಾಜಕೀಯಕ್ಕೆ ಬಳಸಬೇಕಾದರೆ ಬೇರೆಯೇ ನಿಧಿ ಇಡಬೇಕಿತ್ತು. ಅದಕ್ಕೆ ಕೊಡಿ ಎಂದು ಯಾರನ್ನೂ ಒತ್ತಾಯ ಮಾಡುವಂತಿರಲಿಲ್ಲ. 2001ರ ತಿದ್ದುಪಡಿಯಲ್ಲಿ ನಮ್ಮಂಥ ಕಾರ್ಖಾನೆಯವರಿಗೆ ಕನಿಷ್ಠ ಚಂದಾ 12 ರೂಪಾಯಿ ಎಂದು ಬರೆದರು. ತಿಂಗಳಿಗಲ್ಲ, ವರ್ಷಕ್ಕೆ! ಇವತ್ತು ಅದರಲ್ಲಿ ಒಂದು ಕಾಫಿ ಬರುವುದೂ ಕಷ್ಟ. ಹಾಗಾಗಿ ಪ್ರತಿ ಯೂನಿಯನ್ನೂ ತನ್ನ ಬೈಲಾದಲ್ಲಿ ತನಗೆ ಸರಿಹೋಗುವ ಮೊತ್ತ ಬರೆದುಕೊಳ್ಳುತ್ತದೆ.

ಕೆಲವು ಕಡೆ ಚಂದಾ ಸಂಬಳದಲ್ಲೇ ಕಡಿತವಾಗಿ ನೇರ ಯೂನಿಯನ್ ಖಾತೆಗೆ ಬೀಳುತ್ತದೆ. ಗಾರ್ಮೆಂಟ್ಸ್‌ನಲ್ಲಿ ಆ ಭಾಗ್ಯ ಅಪರೂಪ. ನಾವು ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತೇವೆ. ಮುಷ್ಕರ ಇಲ್ಲದ ದಿನ ಏನು ಕೆಲಸ ಎಂದರೆ, ಮುಖ್ಯವಾಗಿ ಇದೇ.

ಬೆಂಗಳೂರಿನ ಪೀಣ್ಯದ ಸುತ್ತ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ ಕಡೆ ಹೋದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇಲ್ಲದ ವಠಾರವೇ ಇಲ್ಲ. ಸಂಜೆ ಆರೂವರೆಗೆ ಮುಂಚೆ ಹೋದರೆ ಬಾಗಿಲಿಗೆ ಬೀಗ. ಎಂಟರ ಮೇಲೆ ಹೋದರೆ ಗಂಡಂದಿರ ಮುಖ ಗಂಟಿಕ್ಕಿರುತ್ತದೆ. ನಡುವಿನ ಒಂದೂವರೆ ಗಂಟೆ ನಮ್ಮದು. ಆ ಹೊತ್ತಿನಲ್ಲೇ ಅವಳು ನೀರು ಹಿಡಿಯಬೇಕು, ಅನ್ನಕ್ಕೆ ಇಡಬೇಕು, ಮಗುವಿನ ಹೋಂವರ್ಕ್ ನೋಡಬೇಕು. "ಬಾ ಅಕ್ಕ, ಒಳಗೆ ಬಾ, ಕೂತ್ಕೊಂಡು ಮಾತಾಡು, ನಾನು ಕಾಳು ಬಿಡಿಸ್ತಿರ್ತೀನಿ" ಎನ್ನುತ್ತಾಳೆ. ನಾನೂ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಳ್ಳುತ್ತೇನೆ. ಕಾಳು ಮುಗಿದ ಮೇಲೆ ಪುಸ್ತಕ ತೆಗೆಯುತ್ತೇನೆ. ಕಾರ್ಬನ್ ಹಾಳೆ ಒಳಗಿಟ್ಟು ಹೆಸರು, ಟೋಕನ್ ನಂಬರ್, ಯಾವ ಬ್ಯಾಚ್ (ಒಟ್ಟಿಗೆ ಹೊಲಿಯುವ ಮೆಷಿನ್ ಸಾಲು), ಫೋನ್ ನಂಬರ್, ವಿಳಾಸ ಬರೆಯುತ್ತೇನೆ. ಅಷ್ಟು ಬರೆಯುವುದರೊಳಗೆ ಅವಳು ಆ ವಾರದ ಸುದ್ದಿಯೆಲ್ಲ ಹೇಳಿ ಮುಗಿಸಿರುತ್ತಾಳೆ. ಹೊಸ ಸೂಪರ್‌ವೈಸರ್ ಬಂದಿದ್ದಾನೆ, ಬಾಯಿ ಸರಿ ಇಲ್ಲ. ಪ್ರೊಡಕ್ಷನ್ ಜಾಸ್ತಿ ಮಾಡಿದ್ದಾರೆ, ಟಾಯ್ಲೆಟ್‌ಗೆ ಎದ್ದರೆ ಪೀಸ್ ಕಡಿಮೆ ಬೀಳುತ್ತದೆ. ಪಕ್ಕದ ಮೆಷಿನ್‌ನವಳಿಂದ ಬಿಳಿ ಹಾಳೆಗೆ ಸಹಿ ಹಾಕಿಸಿಕೊಂಡರಂತೆ, ಈಗ ಅದನ್ನೇ ರಾಜೀನಾಮೆ ಅನ್ನುತ್ತಿದ್ದಾರಂತೆ.

ಸುಮ್ನೆ ಹೋಗಿ "ಕಾರ್ಖಾನೆಯಲ್ಲಿ ಏನು ಸಮಸ್ಯೆ?" ಎಂದು ಕೇಳಿ ನೋಡಿ. "ಏನಿಲ್ಲ ಮೇಡಂ, ಎಲ್ಲ ಚೆನ್ನಾಗಿದೆ" ಅನ್ನುತ್ತಾರೆ. ದುಡ್ಡು ಕೊಟ್ಟು ರಸೀದಿ ತಗೊಂಡವಳು ಮಾತ್ರ ಹಾಗನ್ನುವುದಿಲ್ಲ. ತನ್ನ ದುಡ್ಡು ಹೋಗಿದೆ, ಕೇಳುವ ಹಕ್ಕಿದೆ ಅಂತ ಗೊತ್ತು. ಹಾಗಾಗಿ ಚಂದಾ ವಸೂಲಿಯನ್ನು ಗುಮಾಸ್ತರ ಕೆಲಸ, ಸಂಘಟನೆಯನ್ನು ನಾಯಕರ ಕೆಲಸ ಎಂದು ಬೇರೆ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎರಡೂ ಒಂದೇ ಕೆಲಸ. ಬಾಕಿ ಪಟ್ಟಿ ತೆರೆದರೆ ಯಾವ ಬ್ಯಾಚ್‌ನಲ್ಲಿ ನಾವು ಸೋತಿದ್ದೇವೆ ಅಂತ ಕಣ್ಣಿಗೆ ಹೊಡೆಯುತ್ತದೆ. ತಿಂಗಳುಗಟ್ಟಲೆ ಚಂದಾ ಬಂದಿಲ್ಲ ಎಂದರೆ ಎಷ್ಟೋ ಸಲ ದುಡ್ಡಿಲ್ಲ ಅಂತಲ್ಲ. ಅವಳು ಕೆಲಸ ಬಿಟ್ಟಿರಬಹುದು, ಯಾರೋ ಹೆದರಿಸಿರಬಹುದು, ನಮ್ಮ ಮೇಲೇ ಸಿಟ್ಟಿರಬಹುದು. ಹೋಗಿ ಕೇಳಬೇಕು.

ಹಗಲು ಹೊತ್ತು ಆಫೀಸಿನಲ್ಲಿ ಬೇರೆ ಕೆಲಸ. ಹೆಚ್ಚಾಗಿ ಪಿಎಫ್. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್ ದಾಖಲೆಯಲ್ಲಿ ಇನ್ನೊಂದು ಇರುತ್ತದೆ. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಿ. ಹುಟ್ಟಿದ ತಾರೀಖು ಮೂರು ಕಡೆ ಮೂರು ಥರ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿಯವರು ಹಾಕಿಯೇ ಇರುವುದಿಲ್ಲ, ಅಲ್ಲಿಯವರೆಗೆ ದುಡ್ಡು ಅಲ್ಲಾಡುವುದಿಲ್ಲ. ಇಎಸ್‌ಐ ಕಾರ್ಡ್, ಹೆರಿಗೆ ರಜೆ, ಗ್ರಾಚ್ಯುಟಿ ಕೂಡ ಇದೇ ಕಥೆ. ಇದರ ಮಧ್ಯೆ ಪತ್ರಗಳು. ಮ್ಯಾನೇಜ್‌ಮೆಂಟ್‌ಗೆ ಕೊಡುವ ಪ್ರತಿ ಪತ್ರಕ್ಕೂ ಎರಡು ಪ್ರತಿ. ಒಂದು ಅವರಿಗೆ, ಇನ್ನೊಂದಕ್ಕೆ ಸೀಲ್ ಹಾಕಿಸಿಕೊಂಡು ವಾಪಸ್. ಗೇಟ್‌ನಲ್ಲೇ ಸೆಕ್ಯೂರಿಟಿಯವರು "ಒಳಗೆ ತಗೊಳ್ಳಲ್ಲ" ಎಂದರೆ ಅಂಚೆ ಕಚೇರಿ. ಮೊದಲು ಕಣ್ಣುಮುಚ್ಚಿ ರಿಜಿಸ್ಟರ್ಡ್ ಪೋಸ್ಟ್ ಅನ್ನುತ್ತಿದ್ದೆವು. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟರು. ಹೆಸರು ಯಾವುದಾದರೂ ಇರಲಿ, ಪತ್ರ ತಲುಪಿದ್ದಕ್ಕೆ ಸಾಕ್ಷಿ ಬೇಕು. ಡೈರಿ ಸರ್ಕಲ್ ಹತ್ತಿರದ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆ ಅಧಿಕಾರಿಗಳ ಎದುರು ಸಂಧಾನಕ್ಕೆ ಕೂತಾಗ ಮ್ಯಾನೇಜ್‌ಮೆಂಟ್ ಕಡೆಯವರು "ನಮಗೆ ಇಂಥ ಬೇಡಿಕೆ ಬಂದೇ ಇಲ್ಲ" ಎಂದರೆ, ಫೈಲಿನಿಂದ ಆ ಸ್ವೀಕೃತಿ ತೆಗೆದು ಮೇಜಿನ ಮೇಲಿಡುವ ಖುಷಿಯೇ ಬೇರೆ. ಆಮೇಲೆ ಅವರು ವಾಯಿದೆ ಕೇಳುತ್ತಾರೆ, ಅದು ಬೇರೆ ಮಾತು.

ಇಷ್ಟು ಹೇಳಿದ ಮೇಲೆ ಕೆಲವರು 2016 ನೆನಪಿಸುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗೆ ಬಂದರು. ಹೊಸೂರು ರಸ್ತೆ, ಜಾಲಹಳ್ಳಿ ಕ್ರಾಸ್ ಎಲ್ಲ ಸ್ತಬ್ಧ. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. 19ರ ಸಂಜೆಯ ಹೊತ್ತಿಗೆ ಸರ್ಕಾರ ನಿಯಮ ವಾಪಸ್ ತಗೊಂಡಿತು. "ನೋಡಿ, ನಿಮ್ಮ ರಸೀದಿ, ರಿಜಿಸ್ಟರ್ ಯಾವುದೂ ಇಲ್ಲದೆ ಎರಡೇ ದಿನದಲ್ಲಿ ಗೆದ್ದರಲ್ಲ?" ಎನ್ನುತ್ತಾರೆ.

ಗೆದ್ದರು, ನಿಜ. ಅದನ್ನು ಯೂನಿಯನ್ ಲೆಕ್ಕಕ್ಕೆ ಬರೆದುಕೊಳ್ಳುವ ನಾಯಕರನ್ನು ಕಂಡರೆ ನನಗೆ ನಗು ಬರುತ್ತದೆ. ಆದರೆ ಅದರ ಪಕ್ಕಕ್ಕೆ 417 ರೂಪಾಯಿ 60 ಪೈಸೆಯ ಕಥೆಯನ್ನೂ ಇಡಬೇಕು. 2020ರ ಏಪ್ರಿಲ್‌ನಿಂದ ಕನಿಷ್ಠ ವೇತನದ ತುಟ್ಟಿಭತ್ಯೆ ತಿಂಗಳಿಗೆ ಅಷ್ಟು ಹೆಚ್ಚಾಗಬೇಕಿತ್ತು. ಕೋವಿಡ್ ಹೆಸರಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದಕ್ಕೆ ಹಾಕಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಬಹಳ ಕಾರ್ಖಾನೆಗಳು ಕೊಡಲಿಲ್ಲ. ಲಕ್ಷಾಂತರ ಕಾರ್ಮಿಕರ ಬಾಕಿ ಕೈಗೆ ಬರುವ ಹೊತ್ತಿಗೆ 2022 ಬಂದಿತ್ತು. ಇಲ್ಲಿ ಒಂದು ಆದೇಶ ವಾಪಸ್ ತಗೊಂಡರೆ ಮುಗಿಯುವಂತಿರಲಿಲ್ಲ. ಒಂದೊಂದು ಕಾರ್ಖಾನೆಯೂ, ಒಬ್ಬೊಬ್ಬಳಿಗೂ, ಒಂದೊಂದು ತಿಂಗಳೂ ಲೆಕ್ಕ ಹಾಕಿ ಕೊಡಬೇಕಿತ್ತು. ಪೇ ಸ್ಲಿಪ್ ಬೇಕು. ಕೆಲಸ ಬಿಟ್ಟು ಮಂಡ್ಯಕ್ಕೋ ತುಮಕೂರಿಗೋ ಹೋದವಳಿಗೂ ಆ ಬಾಕಿ ಸೇರಬೇಕು, ಅವಳನ್ನು ಹುಡುಕುವುದು ಹೇಗೆ? ಸದಸ್ಯರ ರಿಜಿಸ್ಟರ್‌ನಲ್ಲಿ ಫೋನ್ ನಂಬರ್ ಇದ್ದರೆ ಹುಡುಕಬಹುದು. ನಂಬರ್ ಬದಲಾಗಿದ್ದರೆ ರಸೀದಿಯಲ್ಲಿ ಬರೆದ ವಠಾರದ ವಿಳಾಸಕ್ಕೆ ಹೋಗಿ ಪಕ್ಕದ ಮನೆಯವರನ್ನು ಕೇಳಬಹುದು. ರಸ್ತೆಗೆ ಇಳಿಯುವ ಧೈರ್ಯ ಯಾವ ಆಫೀಸಿನಿಂದಲೂ ಬರುವುದಿಲ್ಲ, ಅದು ಅವರದ್ದೇ. ಆದರೆ ಎರಡು ವರ್ಷ ಒಂದೇ ವಿಷಯ ಬಿಡದೆ ಹಿಡಿದುಕೊಳ್ಳಲು ಯಾರಾದರೂ ಬೆಳಗ್ಗೆ ಬೀಗ ತೆಗೆದು ಕೂರಬೇಕು.

ಆ ರಿಜಿಸ್ಟರ್ ಬಗ್ಗೆ ಇನ್ನೊಂದು ಮಾತು. ಅದು ನಮ್ಮ ಬಲ, ಅದೇ ನಮ್ಮ ಭಯ. ಯೂನಿಯನ್ ನೋಂದಣಿಗೆ ಅರ್ಜಿ ಹಾಕಲು ಕನಿಷ್ಠ ಏಳು ಜನ ಸಹಿ ಹಾಕಬೇಕು. ಜೊತೆಗೆ ಅಲ್ಲಿನ ಕಾರ್ಮಿಕರಲ್ಲಿ ಶೇಕಡಾ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಸಹಿ ಹಾಕಿದ ಏಳು ಹೆಸರು ಕಾರ್ಖಾನೆಗೆ ಗೊತ್ತಾಗಲು ಜಾಸ್ತಿ ದಿನ ಬೇಕಾಗುವುದಿಲ್ಲ. ಗೊತ್ತಾದ ಮೇಲೆ ಡಿಪಾರ್ಟ್‌ಮೆಂಟ್ ಬದಲಾಗುತ್ತದೆ, ಬಾರದ ಹೊಲಿಗೆ ಕೆಲಸ ಕೊಡುತ್ತಾರೆ, ಪೀಸ್ ವಾಪಸ್ ಎಸೆಯುತ್ತಾರೆ. ಅದಕ್ಕೇ ಸಂಖ್ಯೆ ಒಂದು ಮಟ್ಟಕ್ಕೆ ಬರುವವರೆಗೆ ನಾವು ಪಟ್ಟಿಯನ್ನು ಯಾರಿಗೂ ತೋರಿಸುವುದಿಲ್ಲ. ಒಬ್ಬ ಸದಸ್ಯಳಿಗೆ ಇನ್ನೊಬ್ಬಳು ಸದಸ್ಯಳೆಂದು ಗೊತ್ತಿಲ್ಲದೆ ಒಂದೇ ಬ್ಯಾಚ್‌ನಲ್ಲಿ ಕೂತಿರುವುದೂ ಉಂಟು. ಬೀರುವಿನ ಕೀ ನನ್ನ ಹತ್ತಿರ ಒಂದು, ಕಾರ್ಯದರ್ಶಿ ಹತ್ತಿರ ಇನ್ನೊಂದು.

ಈಗ ಆಟದ ನಿಯಮವೇ ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1926ರ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಕೂತಿದೆ. ಏಳು ಜನದ ಲೆಕ್ಕ, ಶೇಕಡಾ 10ರ ಲೆಕ್ಕ ಹಾಗೇ ಇದೆ. ಹೊಸದೆಂದರೆ ಒಂದೇ ಕಾರ್ಖಾನೆಯಲ್ಲಿ ಹಲವು ಯೂನಿಯನ್ ಇದ್ದರೆ, ಮಸ್ಟರ್ ರೋಲ್‌ನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ ಇರುವವರಲ್ಲಿ ಶೇಕಡಾ 51 ಜನರ ಬೆಂಬಲ ಇರುವ ಯೂನಿಯನ್ ಜೊತೆಗೇ ಮಾತುಕತೆ. ಅಷ್ಟು ಯಾರಿಗೂ ಇಲ್ಲದಿದ್ದರೆ ಕನಿಷ್ಠ ಶೇಕಡಾ 20 ಬೆಂಬಲ ಇರುವ ಯೂನಿಯನ್‌ಗಳು ಮಾತುಕತೆ ನಡೆಸುವ ಕೌನ್ಸಿಲ್‌ನಲ್ಲಿ ಕೂರಬಹುದು. ವರ್ಷಕ್ಕೊಂದು ಸಲ ಸದಸ್ಯತ್ವದ ಹಾಳೆ ಹರಿದು ಕೊಟ್ಟು, ಮಿಕ್ಕ ದಿನ ಮೈಕ್ ಹಿಡಿಯುವ ಯೂನಿಯನ್‌ಗಳಿಗೆ ಇದು ಕಷ್ಟವೇ. ನಮ್ಮಂಥವರಿಗೂ ಸುಲಭ ಅಂತ ಹೇಳುತ್ತಿಲ್ಲ. ಜನ ಆರು ತಿಂಗಳಿಗೊಮ್ಮೆ ಕಾರ್ಖಾನೆ ಬದಲಾಯಿಸುವ ಕಡೆ ಅರ್ಧಕ್ಕಿಂತ ಹೆಚ್ಚು ಜನರನ್ನು ಉಳಿಸಿಕೊಳ್ಳುವುದು ಹೇಗೆ? ಸಂಹಿತೆ ಬರೆದವರು ಒಂದು ಸಂಜೆ ಹೆಗ್ಗನಹಳ್ಳಿಗೆ ಬಂದಿದ್ದರೆ ಚೆನ್ನಾಗಿತ್ತು.

ನಮ್ಮವರ ಬಗ್ಗೆಯೂ ಒಂದು ದೂರು ಇದೆ. ಗಾರ್ಮೆಂಟ್ಸ್‌ನಲ್ಲಿ ಹೆಚ್ಚಿನವರು ಹೆಂಗಸರು. ಆದರೆ ಮೇ ದಿನದ ವೇದಿಕೆ ಮೇಲೆ ಕುರ್ಚಿ ಎಣಿಸಿ ನೋಡಿ. ಹೆಂಗಸರು ಮುಂದಿನ ಸಾಲಿನಲ್ಲಿ ಕೆಂಪು ಸೀರೆ ಉಟ್ಟು ಚಪ್ಪಾಳೆ ತಟ್ಟುತ್ತಿರುತ್ತಾರೆ. ಲೆಕ್ಕ ಬರೆಯಲು, ಕಾಫಿ ತರಿಸಲು, ಜನ ಸೇರಿಸಲು ಅವರೇ ಬೇಕು. ಮ್ಯಾನೇಜ್‌ಮೆಂಟ್ ಎದುರು ಮಾತುಕತೆಗೆ ಕೂರುವಾಗ ಮಾತ್ರ "ಅವರಿಗೆ ಅನುಭವ ಸಾಲದು" ಎನ್ನುತ್ತಾರೆ. ಬ್ಯಾಚ್‌ನಲ್ಲಿ ಯಾವ ಮೆಷಿನ್‌ಗೆ ಯಾವ ಪೀಸ್ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬೆರಳ ತುದಿಯಲ್ಲಿ ಹೇಳುವ ಟೈಲರ್‌ಗಿಂತ ಅನುಭವ ಯಾರಿಗಿದೆಯೋ ನನಗೆ ಗೊತ್ತಿಲ್ಲ.

ಇತ್ತೀಚೆಗೆ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು, "ನಾವೂ ಈ ಕೆಲಸಕ್ಕೆ ಬರಬಹುದಾ?" ಎಂದು ಕೇಳುತ್ತಾರೆ. ಬನ್ನಿ. ಕನ್ನಡ ಟೈಪಿಂಗ್ ಚೆನ್ನಾಗಿ ಬರಬೇಕು. ನುಡಿ ಆದರೂ ಸರಿ, ಯೂನಿಕೋಡ್ ಆದರೂ ಸರಿ. ಎಕ್ಸೆಲ್ ಗೊತ್ತಿದ್ದರೆ ಇನ್ನೂ ಒಳ್ಳೆಯದು. ನೂರು ಸಲ ಕೇಳಿದ ಕಷ್ಟವನ್ನು ನೂರಾ ಒಂದನೇ ಸಲವೂ ಮಧ್ಯೆ ಬಾಯಿ ಹಾಕದೆ ಕೇಳುವ ತಾಳ್ಮೆ ಬೇಕು. ಸಂಬಳ ಒಬ್ಬ ಟೈಲರ್‌ಗೆ ಸಿಗುವಷ್ಟೇ, ಅದಕ್ಕಿಂತ ಜಾಸ್ತಿ ಕೊಟ್ಟರೆ ಸದಸ್ಯರೇ ಕೇಳುತ್ತಾರೆ, ಕೇಳಲಿ. ಭಾನುವಾರ ರಜೆ ಇರುವುದಿಲ್ಲ, ಯಾಕೆಂದರೆ ಅವರಿಗೆ ರಜೆ ಇರುವುದು ಅವತ್ತೇ. ನೋಡಬೇಕು ಅನ್ನಿಸಿದರೆ ಭಾನುವಾರವೇ ಹನ್ನೊಂದರ ಮೇಲೆ ಬನ್ನಿ. ವಾರದ ದಿನ ಬಂದರೆ ನಾನೊಬ್ಬಳೇ ಸಿಗುತ್ತೇನೆ, ಅದೂ ಪಿಎಫ್ ಫಾರ್ಮ್ ತುಂಬುತ್ತಾ.